ಡಬ್ಬಿಯಲ್ಲಿ ಉಳಿದ ಪತ್ರೊಡೆ

“ಅದನ್ನ ಮುಟ್ಟಬ್ಯಾಡ್ರಿ ಸಾಹೇಬ್ರ. ಹೊಲದ ಬ್ಯಾನಿ ಕಟ್ಟಿಟ್ಟೀನಿ. ಎತ್ತಿದವರ ಮನಿಗಿ ಹೋಗ್ತದ.”

ಚಂದ್ರಬಾಯಿ ಹೇಳಿ ಮುಗಿಸುವಷ್ಟರಲ್ಲಿ ರಿತೇಶ ಗಂಟು ಬಿಚ್ಚಿಯಾಗಿತ್ತು. ಬದಲಾಪುರ ಸ್ಟೇಷನ್ ದಾಟಿದ ಮೇಲೆ ರೈಲು ಹಳಿಗೂ ದೊಡ್ಡ ಮೋರಿಗೂ ನಡುವೆ ಸಿಕ್ಕ ತುಂಡು ನೆಲದಲ್ಲಿ ಅವಳೂ ಅವಳ ಗಂಡ ಮಾಪಣ್ಣನೂ ಕೆಸು ಬೆಳೆಯುತ್ತಿದ್ದರು. ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದು, ಬೆನ್ನು ಸೋತ ಮೇಲೆ ಮಣ್ಣಿಗೇ ಮರಳಿದವರು. ಆ ಜುಲೈ ಮಳೆಗೆ ಕೆಸುವಿಗೆ ಅಂಗಮಾರಿ ರೋಗ ಹತ್ತಿತ್ತು. ಎಲೆಯ ಮೇಲೆ ನಾಣ್ಯದಗಲದ ಕಂದು ಚುಕ್ಕೆ, ಚುಕ್ಕೆಯೊಳಗೆ ಇನ್ನೊಂದು ವೃತ್ತ, ಅಂಚಿನಲ್ಲಿ ಹಳದಿ ಹನಿ. ಎರಡು ದಿನ ಕಳೆದರೆ ಇಡೀ ಎಲೆ ಕೊಳೆತು ದಂಟಿನ ಮೇಲೆ ಜೋತುಬೀಳುತ್ತಿತ್ತು. ಮೋರಿಯ ನಾತವನ್ನೂ ಮೀರಿಸುವ ಸಿಹಿಯಾದೊಂದು ಕೊಳಕು ವಾಸನೆ ಅಲ್ಲೆಲ್ಲ ತುಂಬಿತ್ತು.

ಹರಿದ ಮೊರದ ಮೇಲೆ ಹಸಿರು ಖಣದ ಗಂಟು. ಒಳಗೆ ಬೇವಿನ ಸೊಪ್ಪು, ಒಡೆದ ಬಳೆಚೂರು, ಚುಕ್ಕೆ ಆಗತಾನೇ ಮೂಡಿದ ಹನ್ನೆರಡು ಎಲೆಗಳು. ಅಮಾವಾಸ್ಯೆಯಂದು ಹರಿಯುವ ನೀರಿಗೆ ಬಿಡಬೇಕೆಂದು ಕಟ್ಟಿಟ್ಟಿದ್ದಳಂತೆ. ಲ್ಯಾಬಿನ ಪರೀಕ್ಷೆಗೆಂದು ರಿತೇಶನಿಗೆ ಬೇಕಾದದ್ದೂ ಅಂಥ ಎಲೆಗಳೇ. ಅವನು ಬೆಳೆಯ ಔಷಧಿ ಮಾರುವ ಕಂಪನಿಯವನು. ಹುಟ್ಟಿ ಬೆಳೆದದ್ದು ಡೊಂಬಿವಲಿ, ಮನೆಯಲ್ಲಿ ತುಳು, ಕೈಯಲ್ಲಿ ಕೃಷಿ ಡಿಪ್ಲೊಮಾ, ನಾಲಿಗೆಯ ಮೇಲೆ ಸದಾ ಒಂದು ಕೊಂಕು.

“ನಮ್ಮ ಮನೆಗೆ ಬರಲಿಕ್ಕೆ ಲೋಕಲ್ ಟ್ರೈನು ಹತ್ತಬೇಕು. ನಿಮ್ಮ ಬೇನೆಗೆ ನಿಲ್ಲಲಿಕ್ಕಾದರೂ ಜಾಗ ಸಿಗುತ್ತದಾ ನೋಡುವ” ಎಂದು ನಕ್ಕು ಎಲೆಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿಕೊಂಡ. ಮಾಪಣ್ಣ ನಗಲಿಲ್ಲ. ಬಿಚ್ಚಿದ ಖಣವನ್ನು ನೋಡುತ್ತ ಎರಡು ಹೆಜ್ಜೆ ಹಿಂದೆ ಸರಿದ.

ಮರುದಿನ ಭಾನುವಾರ, ಲ್ಯಾಬಿಗೆ ರಜೆ. ಚೀಲವನ್ನು ಫ್ರಿಜ್ಜಿನಲ್ಲಿಟ್ಟು ರಿತೇಶ ಡೀಲರುಗಳ ಮೀಟಿಂಗಿಗೆಂದು ಕಲ್ಯಾಣಕ್ಕೆ ಹೋದ. ಚೀಲದಲ್ಲಿ ಏನಿದೆಯೆಂದು ತಾಯಿ ಮೋಹಿನಿಗೆ ಹೇಳಲು ಮರೆತ. ಮಳೆಗಾಲದ ಆಟಿ ತಿಂಗಳಲ್ಲಿ ಫ್ರಿಜ್ಜಿನಲ್ಲಿ ಕೆಸುವಿನೆಲೆ ಕಂಡರೆ ತುಳುನಾಡಿನ ಹೆಂಗಸು ಏನು ಮಾಡಿಯಾಳು? ಮಗ ಎಂದೂ ಇಲ್ಲದವನು ಇಂದು ನೆನಪಿಟ್ಟು ತಂದಿದ್ದಾನೆಂದು ಹಿಗ್ಗಿ, ಕಲೆಯಿದ್ದಲ್ಲಿ ಕತ್ತರಿಸಿ, ಹಿಟ್ಟು ಹಚ್ಚಿ, ಸುತ್ತಿ, ಹಬೆಯಲ್ಲಿ ಪತ್ರೊಡೆ ಬೇಯಿಸಿದಳು. ಮೊದಲ ತುಂಡು ಮೊಮ್ಮಗಳು ತೃಷಾಳ ಬಾಯಿಗೆ ಹೋಯಿತು. ಐದು ವರ್ಷದ ತೃಷಾಳೆಂದರೆ ಆ ಮನೆಯ ಉಸಿರು. ಅವಳ ಅಮ್ಮ ರಮಿತಾ ತಂದೆಯ ಆಪರೇಷನ್ನಿಗೆಂದು ಮಂಗಳೂರಿಗೆ ಹೋಗಿದ್ದಳು.

ಸಂಜೆ ಬಂದ ರಿತೇಶ ಸಂಗತಿ ತಿಳಿದು ಹೊಟ್ಟೆ ಹಿಡಿದುಕೊಂಡು ನಕ್ಕ. ಸ್ಯಾಂಪಲ್ಲನ್ನೇ ಬೇಯಿಸಿದೆಯಲ್ಲ ಎಂದ. ತಾನು ಮಾತ್ರ ತಿನ್ನಲಿಲ್ಲ. ಅನ್ನ ಎಸೆಯುವುದು ಮೋಹಿನಿಯಿಂದ ಆಗದ ಕೆಲಸ. ಅವನ ಪಾಲಿನ ಎರಡು ತುಂಡುಗಳನ್ನು ಸ್ಟೀಲಿನ ಡಬ್ಬಿಗೆ ಹಾಕಿ, ಮನಸ್ಸಾದಾಗ ಕಾಯಿಸಿ ಕೊಡುತ್ತೇನೆಂದು ಫ್ರಿಜ್ಜಿನಲ್ಲಿಟ್ಟಳು.

ಸೋಮವಾರ ತೃಷಾಳ ಅಂಗೈಯಲ್ಲಿ ಕಂದು ಚುಕ್ಕೆ. ಕೆಸುವಿನ ತುರಿಕೆ ಇರಬೇಕೆಂದು ಡಾಕ್ಟರು ಮುಲಾಮು ಕೊಟ್ಟರು. ಮಂಗಳವಾರ ಚುಕ್ಕೆಯೊಳಗೆ ಇನ್ನೊಂದು ವೃತ್ತ ಮೂಡಿತು. ಬಾಲ್ಕನಿಯ ತುಳಸಿ ಒಂದೇ ಹಗಲಿನಲ್ಲಿ ಕುಸಿಯಿತು. ರಿತೇಶ ತನ್ನದೇ ಕಂಪನಿಯ ಔಷಧಿ ಸಿಂಪಡಿಸಿದ. ಅದು ಇನ್ನೂ ಬೇಗ ಸತ್ತಿತು. ಒಡೆದ ಮೂರು ತೆಂಗಿನಕಾಯಿಗಳೂ ಒಳಗೆ ಕೊಳೆತಿದ್ದವು. ಅಡುಗೆಮನೆಯ ಗೋಡೆಯಲ್ಲಿ ತೇವದ ಕಲೆ ಎದ್ದಿತು, ಅದರೊಳಗೂ ವೃತ್ತ. ಮಳೆಗಾಲವೆಂದರೆ ಇದೆಲ್ಲ ಇದ್ದದ್ದೇ ಎಂದು ತಾಯಿಗೆ ಹೇಳುತ್ತಲೇ ಇದ್ದ, ಆದರೆ ಒಂದು ಕಡೆ ಕೂತಿರಲು ಅವನಿಂದಾಗುತ್ತಿರಲಿಲ್ಲ. ಕಿಟಕಿಗೆ ಹೋಗುತ್ತಿದ್ದ, ಬರುತ್ತಿದ್ದ, ಮತ್ತೆ ಮಗಳ ಕೈ ನೋಡುತ್ತಿದ್ದ.

ಬುಧವಾರ ಬೆಳಿಗ್ಗೆ ಆ ಅಂಗೈಯ ಅಂಚಿನಲ್ಲಿ ಹಳದಿ ಹನಿ ನಿಂತಿತ್ತು. “ಪಪ್ಪಾ, ಖುಜ್ಲೀ ಹೋ ರಹೀ ಹೈ” ಎಂದು ತುರಿಸುವ ಕೈ ಚಾಚಿದಳು. ಬೆರಳಿಟ್ಟರೆ ಚರ್ಮ ತಗ್ಗಿತು, ಮೇಲೇಳಲಿಲ್ಲ. ಸಿಹಿಯಾದ ಕೊಳಕು ವಾಸನೆ. ಬದಲಾಪುರದ್ದೇ ವಾಸನೆ. ಮೈ ಕಾದ ಹೆಂಚು. ದೊಡ್ಡ ಆಸ್ಪತ್ರೆಯಲ್ಲಿ ಸಂಜೆ ಐದಕ್ಕೆ ಬರಹೇಳಿದ್ದರು. ಅಷ್ಟರವರೆಗೆ ಕಾಯುವ ಶಕ್ತಿ ಅವನಿಗಿರಲಿಲ್ಲ. ಮಗಳನ್ನು ತಾಯಿಯ ಮಡಿಲಲ್ಲಿ ಬಿಟ್ಟು ಬದಲಾಪುರಕ್ಕೆ ಓಡಿದ.

ಹಳಿಯ ಪಕ್ಕದ ಕೆಸು ಎದೆಯೆತ್ತರಕ್ಕೆ ನಿಂತಿತ್ತು. ಒಂದು ಎಲೆಯಲ್ಲೂ ಚುಕ್ಕೆ ಇಲ್ಲ. ಅವನು ಅಲ್ಲಿಗೆ ಒಂದು ತೊಟ್ಟು ಔಷಧಿ ಕೊಟ್ಟಿರಲಿಲ್ಲ. ಚಂದ್ರಬಾಯಿ ಹಂಗಿಸಲಿಲ್ಲ. ಯಾರು ಮೊದಲು ತಿಂದರು, ಇನ್ನೂ ಉಳಿದಿದೆಯೇ ಎಂದಷ್ಟೇ ಕೇಳಿದಳು. ಡಬ್ಬಿಯ ವಿಷಯ ಹೇಳಿದ.

“ಮೊದಲ ತುತ್ತು ತಿಂದವರನ್ನ ಹಿಡೀತದ. ಕಡೀ ತುತ್ತು ಯಾರು ತಿಂತಾರ, ಅವರ ಹಿಂದ ಹೋಗ್ತದ. ಅಲ್ಲಿಗಿ ಮುಗೀತದ.”

ಮುಗಿಯುವುದು ಬೇನೆಯೋ, ತಿಂದವರೋ ಎಂದು ಕೇಳಿದ. ಅವಳು ಸೆರಗು ಸರಿಮಾಡಿಕೊಂಡು ಗಂಡನ ಕಡೆ ನೋಡಿದಳು. ಮಾಪಣ್ಣ ಕಳೆ ಕೀಳತೊಡಗಿದ.

ಪ್ಲಾಟ್‌ಫಾರ್ಮಿಗೆ ಲೋಕಲ್ ಬಂತು. ರಿತೇಶನ ಕಾಲು ಏಳಲಿಲ್ಲ. ನೂಕುನುಗ್ಗಲು, ಮುಂದಿನದರಲ್ಲಿ ಹೋಗೋಣ ಎಂದುಕೊಂಡ. ಮಧ್ಯಾಹ್ನ ಎರಡರ ಗಾಡಿ, ಅರ್ಧ ಬೆಂಚುಗಳು ಖಾಲಿ ಇದ್ದವು. ಮನೆಗೆ ಫೋನ್ ಮಾಡಿದ. ಡಬ್ಬಿಯನ್ನು ಯಾರೂ ಮುಟ್ಟಬೇಡಿ, ಎಸೆಯಲೂ ಬೇಡಿ ಎಂದ. ಅಷ್ಟೇ ಸಾಕಿತ್ತು. ಯಾಕೆ ಎಂದು ತಾಯಿ ಕೇಳಿದಳು. ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಮೊದಲ ತುತ್ತು, ಕೊನೆಯ ತುತ್ತು, ಎಲ್ಲವನ್ನೂ ಹೇಳಿದ. ಆ ಕಡೆ ಮಗು ನರಳುವುದು ಕೇಳುತ್ತಿತ್ತು.

“ಆಯ್ತು ಮಗಾ. ನೀನು ನಿಧಾನಕ್ಕೆ ಬಾ” ಎಂದಳು ಮೋಹಿನಿ.

ಎರಡನೆಯ ಗಾಡಿಯೂ ಹೋಯಿತು. ಮೂರನೆಯದಕ್ಕೆ ಹತ್ತಿದ. ಅಂಬರನಾಥ. ಉಲ್ಹಾಸನಗರ. ಕಲ್ಯಾಣ. ಬಾಗಿಲಲ್ಲೇ ನಿಂತ. ಮಳೆ ಮುಖಕ್ಕೆ ಬಡಿಯಿತು. ಡೊಂಬಿವಲಿ. ಹಾರಿದ. ಸೇತುವೆ ಹತ್ತಿ ಇಳಿದ. ಓಡಿದ. ನಾನೇ ತಿನ್ನುತ್ತೇನೆ, ನಾನೇ. ಮೂರು ಮಹಡಿ. ಬಾಗಿಲು ತೆರೆದಿತ್ತು.

ತೃಷಾ ನೆಲದ ಮೇಲೆ ಕೂತು ಕಾರ್ಟೂನ್ ನೋಡುತ್ತಿದ್ದಳು. ಮೈ ತಣ್ಣಗಿತ್ತು. ಅಂಗೈ ಬಿಡಿಸಿದ. ಎಳೆಯ, ಕೆಂಪು, ಚೊಕ್ಕ ಅಂಗೈ. ಅದನ್ನು ಮುಖಕ್ಕೊತ್ತಿಕೊಂಡು ಗಳಗಳನೆ ಅತ್ತ. ಆಮೇಲೆ ಮೂಗಿಗೆ ತೆಂಗಿನೆಣ್ಣೆಯಲ್ಲಿ ಹುರಿದ ಪತ್ರೊಡೆಯ ಪರಿಮಳ ಬಡಿಯಿತು.

ಅಡುಗೆಮನೆಯಲ್ಲಿ ಡಬ್ಬಿ ತೊಳೆದು ಬೋರಲು ಹಾಕಿತ್ತು. ಮೋಹಿನಿ ಬಲಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ನಿಂತಿದ್ದಳು. ಸೆರಗಿನ ತುದಿಯಿಂದ ಹಳದಿ ಹನಿಯೊಂದು ನೆಲಕ್ಕೆ ಬಿತ್ತು.

“ಗಾಡಿ ತಡವಾಯಿತಾ?” ಎಂದಳು.

ಅವಳ ಕಣ್ಣು ನೋಡಲಾರದೆ ಹೌದೆಂದು ತಲೆಯಾಡಿಸಿದ. ಮಳೆಗಾಲದಲ್ಲಿ ಹಾಗೆಯೇ ಎಂದು ಅವಳು ತಟ್ಟೆ ಇಟ್ಟಳು. ಯಾರಿಗೂ ಎಂದೂ ಎಡಗೈಯಲ್ಲಿ ಬಡಿಸದವಳು, ಅಂದು ಮಗನಿಗೆ ಎಡಗೈಯಲ್ಲಿ ಅನ್ನ ಬಡಿಸಿದಳು.