ಕಾಫಿ ಅಂಗಡಿಗಳ ಪಾಲು

ಬಾಗಿಲು ತಳ್ಳಿಕೊಂಡು ಒಳಗೆ ಬಂದ ಫೆರ್ಮಿನ್‌ನನ್ನು ಕಂಡು ಮಿರೆಯಾಳ ನೆತ್ತಿಗೆ ಕಾಫಿ ಹತ್ತಿತು. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು. ಇಬ್ಬರೂ ಬೇರೆಯಾದ ಮೇಲೆ ಹೀಗೆ ಎದುರಾದದ್ದು ಮೊದಲ ಸಲವೇನಲ್ಲ. ಹಲಾಪ ಸಣ್ಣ ಊರಲ್ಲ, ಗಲ್ಲಿಗೊಂದು ಕಾಫಿ ಅಂಗಡಿ. ಆದರೆ ವರ್ಷಗಟ್ಟಲೆ ಇಬ್ಬರೂ ಜೊತೆಯಾಗಿ ಅಲೆದು, ಕುಡಿದು, ಇದಕ್ಕಿಂತ ಅದು ಮೇಲು ಎಂದು ಬೀದಿಯುದ್ದಕ್ಕೂ ವಾದ ಮಾಡಿ, ಕೊನೆಗೆ ಮನಸ್ಸಿಗೆ ಒಪ್ಪಿದ್ದು ಕೆಲವೇ ಕೆಲವು. ಅವುಗಳಲ್ಲಿ ಯಾವುದಕ್ಕೆ ಹೋದರೂ ಎದುರಿಗೆ ಅವನೇ.

"ನಿಧಾನ ಮಾರಾಯ್ತಿ," ಎನ್ನುತ್ತಾ ಅವನು ನೀರಿನ ಲೋಟ ಮುಂದಿಟ್ಟ. "ಹೀಗಾದ್ರೆ ಇಬ್ಬರಿಗೂ ನೆಮ್ಮದಿಯಾಗಿ ಒಂದು ಕಾಫಿ ಇಲ್ಲ. ಪಾಲು ಮಾಡ್ಕೊಂಡ್ಬಿಡೋಣ."

"ಏನನ್ನ?"

"ಅಂಗಡಿಗಳನ್ನ. ನಿನ್ನ ಪಾಲಿನದಕ್ಕೆ ನಾನು ಕಾಲಿಡಲ್ಲ, ನನ್ನದಕ್ಕೆ ನೀನು ಬರ್ಬೇಡ."

ಅವಳಿಗೆ ನಗು ಬಂತು. ಇವನ ಹತ್ತಿರ ಇದೇ ತೊಂದರೆ, ಅಳು ಬರುವ ಹೊತ್ತಿಗೆ ಸರಿಯಾಗಿ ನಗಿಸಿಬಿಡುತ್ತಿದ್ದ.

ಫೆರ್ಮಿನ್ ಮನೆಮನೆಗೆ ಹೋಗಿ ಪಿಯಾನೋಗಳ ಶ್ರುತಿ ಸರಿಮಾಡುವವನು. ಮಿರೆಯಾ ಹೈಸ್ಕೂಲಿನಲ್ಲಿ ಭೂಗೋಳದ ಟೀಚರು. ಮದುವೆಯಾಗೋಣ ಎಂದು ಅವನು ಮೂರು ಸಲ ಕೇಳಿದ್ದ. ಮೂರು ಸಲವೂ ಅವಳು "ನೋಡೋಣ" ಎಂದಿದ್ದಳು. ಕೊನೆಗೊಂದು ದಿನ, ಒಗೆದ ಬಟ್ಟೆ ಒಳಗೆ ತರಲಿಲ್ಲವೆಂಬ ಜಗಳದಲ್ಲಿ, "ಸಾಕಾಗಿದ್ರೆ ಹೋಗು" ಎಂದುಬಿಟ್ಟಳು. ಅವನು ಎದುರಾಡಲಿಲ್ಲ. ಸಲಕರಣೆಯ ಚೀಲ ಹೆಗಲಿಗೇರಿಸಿ ಹೊರಟೇಹೋದ.

ಶನಿವಾರ ಪಾಲಿಗೆ ಹೊರಟರು. ಮೊದಲು ಕೆರೆಯ ಪಕ್ಕದ ಅಂಗಡಿ.

"ಇಲ್ಲಿಯ ಕಾಫಿ ಹುಳಿ," ಎಂದಳು ಮಿರೆಯಾ.

"ಹುಳಿಯಲ್ಲ ಕಣೇ, ಹಣ್ಣಿನ ರುಚಿ ಅದು. ನಿನಗೆ ಎಷ್ಟು ಸಲ ಹೇಳೋದು!"

ಅವನ ಮೀಸೆಗೆ ಹಾಲಿನ ನೊರೆ ಮೆತ್ತಿತ್ತು. ಒರೆಸಲು ಅವಳ ಹೆಬ್ಬೆರಳು ತಾನಾಗಿ ಮೇಜಿನಿಂದ ಎದ್ದಿತು. ಅರ್ಧ ದಾರಿಯಲ್ಲಿ, ಬೇರೆಯಾದದ್ದು ನೆನಪಾಗಿ, ತನ್ನದೇ ಕಿವಿಯೋಲೆ ತಿರುವಿ ಕೆಳಗಿಳಿಯಿತು. ಅವನು ಅದನ್ನು ನೋಡಿದ. ನೋಡಿಯೂ ಕೆರೆಯ ಕಡೆ ತಿರುಗಿ, ತಾನೇ ಮೀಸೆ ಒರೆಸಿಕೊಂಡ.

"ಈ ಕಿಟಕಿ ನಿನಗಿಷ್ಟ. ಈ ಅಂಗಡಿ ನಿನಗೇ ಇರಲಿ," ಎಂದ.

ಆಮೇಲೆ ಹಳೆಯ ಮುದ್ರಣಾಲಯದಲ್ಲಿ ಎವಾರಿಸ್ತೊ ನಡೆಸುವ ಅಂಗಡಿ. ಬೀಜವನ್ನು ತಾನೇ ಹುರಿಯುವ ಮುದುಕ. ಸಕ್ಕರೆ ಕೇಳಿದರೆ ಮುಖ ಸಿಂಡರಿಸುವವನು. ಊರಲ್ಲೇ ಗಟ್ಟಿ ಕಾಫಿ. ಇದು ಫೆರ್ಮಿನ್‌ನ ಪ್ರಾಣ.

"ಏನಪ್ಪಾ, ಇಬ್ಬರ ಬಾಯೂ ಕಟ್ಟಿದೆ?" ಎಂದ ಎವಾರಿಸ್ತೊ. "ಬೇರೆ ದಿನ ನನ್ನ ಗಿರಾಕಿಗಳೆಲ್ಲ ಎದ್ದು ಓಡೋ ಹಾಗೆ ಕಿತ್ತಾಡ್ತಿದ್ರಿ!"

ಫೆರ್ಮಿನ್ ನಕ್ಕ. ಮುದುಕ ಅತ್ತ ಹೋದ ಮೇಲೆ ಮೆಲ್ಲಗೆ, "ಇದನ್ನೂ ನೀನೇ ಇಟ್ಕೋ" ಎಂದ.

ಮಿರೆಯಾಳಿಗೆ ಒಳಗೊಳಗೇ ಉರಿಯಿತು.

ಕೊನೆಯದು ಮುದುಕಿ ದೋನ್ಯಾ ಚೋಲೆಯ ಅಂಗಡಿ. ಮೆಟ್ಟಿಲುಗಳಿರುವ ಗಲ್ಲಿಯಲ್ಲಿ ನಾಲ್ಕೇ ಮೇಜು. ಚಕ್ಕೆ, ಬೆಲ್ಲ ಹಾಕಿ ಮಣ್ಣಿನ ಗಡಿಗೆಯಲ್ಲಿ ಕುದಿಸಿದ ಕಾಫಿ. ಇಬ್ಬರೂ ಮೊದಲ ಸಲ ಕೈಕೈ ಹಿಡಿದದ್ದು ಇಲ್ಲೇ. ಇದೊಂದಕ್ಕಾದರೂ ಅವನು ಪಟ್ಟು ಹಿಡಿಯಬೇಕು ಎಂದು ಅವಳು ಮನಸ್ಸಿನಲ್ಲೇ ಬೇಡಿಕೊಂಡಳು.

"ಇದೂ ನಿನ್ನದೇ," ಎಂದ.

"ಒಂದಕ್ಕಾದ್ರೂ ಜಗಳ ಆಡೋ!" ಅವಳ ದನಿ ಒಡೆಯಿತು. "ಹೋಗು ಅಂದ್ರೆ ಹೋಗ್ಬಿಡ್ತೀಯ. ತಗೋ ಅಂತ ಎಲ್ಲಾನೂ ಕೊಟ್ಬಿಡ್ತೀಯ. ನಿನಗೆ ಯಾವುದೂ ಬೇಡ್ವಾ?"

ಅವನು ಮಣ್ಣಿನ ಲೋಟವನ್ನು ಎರಡೂ ಅಂಗೈಯಲ್ಲಿ ಹಿಡಿದು ಕೂತ.

"ನಾಡಿದ್ದು ಊರು ಬಿಡ್ತಿದೀನಿ. ಉತ್ತರಕ್ಕೆ, ಚಿವಾವಾಗೆ. ಅಲ್ಲೊಂದು ಸಂಗೀತ ಶಾಲೆಯಲ್ಲಿ ಕೆಲಸ."

"ಹಾಗಾದ್ರೆ ಈ ಪಾಲು?"

"ಸುಳ್ಳು. ನಿನ್ನ ಜೊತೆ ಒಂದು ದಿನ ಕಾಫಿ ಕುಡಿಯೋದಕ್ಕೆ ಬೇರೆ ನೆಪ ಹೊಳೀಲಿಲ್ಲ."

ಒಲೆಯ ಮೇಲೆ ಗಡಿಗೆ ಕುದಿಯುವುದು ಕೇಳುತ್ತಿತ್ತು. ಮಿರೆಯಾ ಅವನ ಮಣಿಕಟ್ಟು ಹಿಡಿದಳು.

"ಹೋಗ್ಬೇಡ. ಮದುವೆ ಆಗೋಣ, ಫೆರ್ಮಿನ್. ನಾನೇ ಕೇಳ್ತಿದೀನಿ."

ಅವನ ಕಣ್ಣು ತುಂಬಿತು. ಇಷ್ಟು ದಿನ ಕಾದ ಮಾತು ಕಿವಿಗೆ ಬಿದ್ದಾಗ ಅವನ ಮುಖ ಒಂದು ಗಳಿಗೆ ಅರಳಿತು ಕೂಡ. ಆಮೇಲೆ ಕೇಳಿದ, "ನಾನು ಹೋಗ್ತಿದೀನಿ ಅನ್ನೋ ಕಾರಣಕ್ಕೆ ಹೇಳ್ತಿದೀಯಾ, ಇಲ್ಲಾ ನಿಜವಾಗ್ಲೂ ಬೇಕು ಅಂತಾನಾ? ನಾನು ಉಳಿದು, ನಾಳೆ ಬೆಳಿಗ್ಗೆ ಎದ್ದಾಗ್ಲೂ ಇದೇ ಮಾತು ಹೇಳ್ತೀಯಾ?"

ಹೌದು ಎನ್ನಲು ಬಾಯಿ ತೆರೆದಳು. ಅವನ ಮೇಲಿನ ಪ್ರೀತಿಯಲ್ಲಿ ಸುಳ್ಳಿರಲಿಲ್ಲ. ಆದರೆ ನಾಳೆಯ ಬೆಳಗನ್ನು ನೆನೆದರೆ ಎದೆಯ ಮೂಲೆಯಲ್ಲಿ, ಮೂರು ಸಲವೂ "ನೋಡೋಣ" ಎನ್ನಿಸಿದ್ದ ಅದೇ ಹಳೆಯ ಭಯ ಎದ್ದು ಕೂರುತ್ತಿತ್ತು. ಇವನ ಮುಂದೆ ಸುಳ್ಳು ಹೇಳಲಾರದೆ ತಲೆ ತಗ್ಗಿಸಿದಳು.

"ಪರವಾಗಿಲ್ಲ ಕಣೇ," ಎಂದ. ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಅಂಗೈಗೆ ಮುತ್ತಿಟ್ಟು ಎದ್ದ. ಮೆಟ್ಟಿಲಿಳಿಯುವಾಗ ಹಿಂತಿರುಗಲಿಲ್ಲ. ತಿರುಗಿದ್ದರೆ ಹೋಗಲಾಗುತ್ತಿರಲಿಲ್ಲವೆಂದು ಅವಳಿಗೆ ಗೊತ್ತಿತ್ತು.

ದೋನ್ಯಾ ಚೋಲೆ ಮೇಜು ಒರೆಸಲು ಬಂದವಳು ಅವನ ಲೋಟದೊಳಗೆ ಇಣುಕಿದಳು.

"ಅರ್ಧ ಹಾಗೇ ಬಿಟ್ಟಿದಾನಲ್ಲ ಮಗಳೇ. ವಾಪಸ್ ಬರ್ತಾನೇನು? ಮುಚ್ಚಿಡ್ಲಾ?"

ಮಿರೆಯಾ ಗಲ್ಲಿಯ ಕಡೆ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ.

"ಬೇಡ ದೋನ್ಯಾ ಚೋಲೆ," ಎಂದಳು. "ಬರಲ್ಲ ಅವನು."

ಬಾಯಿಬಿಟ್ಟು ಹೇಳಿದ ಮೇಲೆಯೇ ಅದು ನಿಜವಾಯಿತು. ಮುದುಕಿ ಲೋಟ ತೆಗೆಯದೆ, ಅವನು ಎದ್ದುಹೋದ ಕುರ್ಚಿಯಲ್ಲಿ ಕೂತು, ಅವಳ ತಲೆಯನ್ನು ತನ್ನ ಹೆಗಲಿಗೆ ಎಳೆದುಕೊಂಡಳು.