ಇಮಾನ ತಪ್ಪುವ ಮುಂಚೆ

ಒಂದು ಸಾಲನ್ನು ನುಂಗಿಬಿಟ್ಟೆನಲ್ಲ, ಎಂದುಕೊಂಡಳು ಅನ್ನವ್ವ. ಕೇಳಿದವರು ಅದನ್ನು ದೊಡ್ಡ ತಪ್ಪೆನ್ನಲಿಕ್ಕಿಲ್ಲ. ಆದರೂ ನಿನ್ನೆ ಸಂಜೆಯಿಂದ ಅದು ಕುಪ್ಪಸದೊಳಗೆ ಸೇರಿದ ಜೋಳದ ಸುಂಕಿನಂತೆ ಕೂತಲ್ಲಿ ನಿಂತಲ್ಲಿ ಚುಚ್ಚುತ್ತಿತ್ತು.

ಓಣಿಯ ಆ ತುದಿಯ ಮನೆಯ ಶಂಭುಲಿಂಗ ವಿಮಾನ ನಡೆಸುವುದನ್ನು ಕಲಿಯಲು ಹೊರಟಿದ್ದ. ಸಾವಿರದ ಒಂಬೈನೂರ ಎಂಬತ್ತೈದರಲ್ಲಿ ಮೊರಬದಂಥ ಹಳ್ಳಿಯಲ್ಲಿ ಟ್ರ್ಯಾಕ್ಟರ್ ನಡೆಸುವವನನ್ನೇ ಮಂದಿ ನಿಂತು ನೋಡುತ್ತಿದ್ದ ಕಾಲ ಅದು. ಎರಡು ತರಬೇತಿ ಶಾಲೆಗಳಿಂದ ಟಪಾಲಿನಲ್ಲಿ ಮಾಹಿತಿ ಪುಸ್ತಕ ಬಂದಿದ್ದವು, ಎರಡೂ ಇಂಗ್ಲಿಷಿನಲ್ಲಿ. ಅವನ್ನು ಬಗಲಲ್ಲಿಟ್ಟುಕೊಂಡು ಅವನು ವಾರದಿಂದ ಇವರ ಅಂಗಳಕ್ಕೆ ಬರುತ್ತಿದ್ದ. ಧಾರವಾಡದಲ್ಲಿ ಇಂಗ್ಲಿಷ್ ಬಿ.ಎ. ಮುಗಿಸಿ ಬಂದವಳು ಓಣಿಯಲ್ಲಿ ಅನ್ನವ್ವ ಒಬ್ಬಳೇ. ಡೈರಿಗೆ ಎಲ್ಲವನ್ನೂ ಹೇಳುವವಳು, ಮನುಷ್ಯರೆದುರು ಮಾತ್ರ ಸೆರಗಿನ ತುದಿ ಸುತ್ತುತ್ತ ನಿಲ್ಲುವವಳು.

"ನಿಮಗೂ ಇಂಗ್ಲಿಷ್ ಬರತೈತಲ್ರಿ," ಎಂದಿದ್ದಳು ಮೊದಲ ದಿನ.

"ಬರತೈತಿ. ನಾ ಓದಿದ್ರ ಬರೇ ಅಕ್ಷರ ಕಾಣ್ತಾವ. ನೀ ಓದಿದ್ರ ಇಮಾನಽ ಕಾಣತೈತಿ," ಎಂದು ಅವನು ಅವಳ ಮುಖವನ್ನೇ ನೋಡಿದ್ದ. ಅವಳು ತಟ್ಟನೆ ಪುಸ್ತಕವನ್ನು ಮುಖದೆದುರು ಎತ್ತಿ ಹಿಡಿದಿದ್ದಳು.

ಓದುತ್ತ ಓದುತ್ತ ಅವಳಿಗೆ ಆ ಪುಸ್ತಕಗಳ ಜಾಣತನ ತಿಳಿಯತೊಡಗಿತು. "ಇವರ ಹತ್ರ ಎಷ್ಟು ಇಮಾನ ಅದಾವಂತ ಬರದಾರ್ರಿ. ಅದರಾಗ ಎಷ್ಟು ಹಾರ್ತಾವಂತ ಬರದಿಲ್ಲ. ಅದನ್ನ ಕೇಳ್ರಿ," ಎನ್ನುವಳು. "ಕಲಿಸವ್ರು ಎಷ್ಟು ಮಂದಿ, ಕಲಿಯವ್ರು ಎಷ್ಟು ಮಂದಿ ಕೇಳ್ರಿ. ಮಳಿ, ಮಂಜು ಅಲ್ಲೆ ಎಷ್ಟು ತಿಂಗಳು ಇರತಾವಂತನೂ ಕೇಳ್ರಿ. ಇಲ್ಲಾಂದ್ರ ನೆಲದ ಮ್ಯಾಲೆ ಕುಂತಽ ವರ್ಷ ಹೋದಾವು."

"ಇವೆಲ್ಲಾ ಕೇಳೂದಿದ್ರ ನಿನ್ನನ್ನಽ ಕರಕೊಂಡು ಹೋಗಬೇಕಾಗತೈತಿ," ಎನ್ನುವನು ಅವನು. ಅಷ್ಟಕ್ಕೇ ಅವಳಿಗೆ ಆ ದಿನ ಊಟ ಸೇರುತ್ತಿರಲಿಲ್ಲ.

ನಿನ್ನೆ ಓದುವಾಗ ಆ ಸಾಲು ಬಂದಿತ್ತು. ಕಲಿಯುವವನಿಗೆ ಬಣ್ಣಗಳ ಭೇದ ಸರಿಯಾಗಿ ಕಾಣಬೇಕು, ಕೆಂಪು ಹಸಿರು ದೀಪಗಳನ್ನು ಗುರುತಿಸಬೇಕು, ಇಲ್ಲದಿದ್ದರೆ ಪೈಲಟ್ ಆಗಲಾರ. ಅವಳ ನಾಲಿಗೆ ಅಲ್ಲೇ ನಿಂತಿತು. ಮುಂದಿನ ಸಾಲಿಗೆ ಹಾರಿದಳು.

ಅವಳಿಗೆ ಮಾತ್ರ ಗೊತ್ತಿತ್ತು. ಪಂಚಮಿಯ ದಿನ ಅವಳು ಎಲೆಹಸಿರು ಸೀರೆ ಉಟ್ಟು ಜೋಕಾಲಿಯ ಹತ್ತಿರ ನಿಂತಿದ್ದಾಗ ಅವನು ಹಾಯುತ್ತ, ಸಣ್ಣ ದನಿಯಲ್ಲಿ, "ಈ ಮಣ್ಣಿನ ಬಣ್ಣ ನಿನಗ ಅಗದಿ ಒಪ್ಪೇತಿ," ಎಂದಿದ್ದ. ಚೇಷ್ಟೆ ಮಾಡಿದನೆಂದು ಅವಳು ಮನೆಗೆ ಬಂದು ಅತ್ತು, ಆ ಸೀರೆಯನ್ನು ಟ್ರಂಕಿನ ತಳಕ್ಕೆ ಹಾಕಿದ್ದಳು. ಮೊನ್ನೆ ರಂಜಕದ ಚಟ್ನಿ ಕುಟ್ಟಲೆಂದು ಅವ್ವ ಹಣ್ಣುಮೆಣಸಿನಕಾಯಿ ಆರಿಸುತ್ತಿದ್ದಾಗ ಅವನೂ ಕೈ ಹಾಕಿದ. ಕೆಂಪು ಕಾಯಿಯ ಬುಟ್ಟಿಯಲ್ಲಿ ಹಸಿರು ಕಾಯಿಗಳು ಬೀಳತೊಡಗಿದವು. "ಏನಪಾ, ಧ್ಯಾನ ಎಲ್ಲೈತಿ?" ಎಂದು ಅವ್ವ ನಕ್ಕಳು. ಅನ್ನವ್ವ ನಗಲಿಲ್ಲ. ಅವನು ಒಂದೊಂದು ಕಾಯಿಯನ್ನೂ ಬೆಳಕಿಗೆ ಹಿಡಿದು, ಹಿಚುಕಿ ನೋಡಿ, ಎಷ್ಟು ಶ್ರದ್ಧೆಯಿಂದ ತಪ್ಪು ಬುಟ್ಟಿಗೆ ಹಾಕುತ್ತಿದ್ದ. ಹಾಗಾದರೆ ಪಂಚಮಿಯ ದಿನ ಅವನು ಆಡಿದ್ದು ಹೊಗಳಿಕೆಯೇ. ಅವನ ಕಣ್ಣಿಗೆ ಅವಳು ಮಣ್ಣಿನ ಬಣ್ಣದಲ್ಲೇ ಚೆಂದ ಕಂಡಿದ್ದಳು.

ಆ ಸುಖ ಅವಳಿಗೆ ಒಂದು ದಿನದ ಮೇಲೆ ಉಳಿಯಲಿಲ್ಲ.

ಈವತ್ತು ಬೆಳಗಿನಿಂದ ಮೋಡ. ಎರೆಹೊಲದ ಕಡೆಯಿಂದ ತಣ್ಣನೆ ಗಾಳಿ. ಕಟ್ಟೆಯ ಮೇಲೆ ಶಂಭುಲಿಂಗ ಕುಳಿತಿದ್ದ, ಹೊಸ ಅಂಗಿ ತೊಟ್ಟು. ನಾಳೆ ಅವನೂ ಅವನ ಅಪ್ಪನೂ ಹೊರಡುವವರು, ಶಾಲೆಗೆ ಫೀ ಕಟ್ಟಲು. ಯಾವ ಶಾಲೆ ಎಂಬುದನ್ನು ಅನ್ನವ್ವ ಹೇಳಬೇಕು.

ಅಷ್ಟರಲ್ಲಿ ಬಾಜು ಮನೆಯ ಗೌಸಬಿ, ವಿಮಾನದ ಪುಸ್ತಕ ಓದುವ ಹುಡುಗಿಯನ್ನು ಕೇಳಲೆಂದು ಬಂದಳು. ಮಸ್ಕತ್ತಿನಲ್ಲಿರುವ ಮಗಳ ಬಾಣಂತನಕ್ಕೆ ಮುದುಕಿ ಮುಂಬಯಿಯಿಂದ ವಿಮಾನ ಹತ್ತುವವಳಿದ್ದಳು.

"ಏನೇನು ಮಾಡಬೇಕು ಹೇಳ ಬೇಟಿ. ಕಿವಿ ಕಟ್ಟತಾವಂತ?"

"ಮ್ಯಾಲೆ ಏರುವಾಗ, ಇಳಿಯುವಾಗ ಉಗುಳು ನುಂಗ್ರಿ. ಬಾಯಾಗ ಏನಾರ ಜಗೀರಿ. ಮತ್ತ ಅಡಕೊತ್ತು ಕೈಚೀಲದಾಗ ಇಡಬ್ಯಾಡ್ರಿ, ತಗೀತಾರ. ಉಪ್ಪಿನಕಾಯಿ ಭರಣಿಗೆ ಅರಿವಿ ಕಟ್ರಿ. ಎಲ್ಲಕ್ಕಿಂತ ಮೊದಲು ಹೊತ್ತಿಗೆ ಮುಂಚೆ ಹೋಗ್ರಿ. ತಡಾ ಆದ್ರ ನಿಮ್ಮ ಇಮಾನ ತಪ್ಪತೈತಿ."

ಗೌಸಬಿ ಗಲ್ಲ ಗಲ್ಲ ಬಡಿದುಕೊಂಡಳು. "ತೋಬಾ, ತೋಬಾ. ನಂದ್ಯಾಕ ಇಮಾನ ತಪ್ಪತೈತಿ? ಐದು ಹೊತ್ತಿನ ನಮಾಜ ಬಿಟ್ಟಾಕಿ ಅಲ್ಲ ನಾ. ಇಷ್ಟು ವಯಸ್ಸಿಗೆ ಇಂಥಾ ಮಾತು ಅನ್ನಿಸ್ಕೊಳ್ಳೂದಾತು."

ಶಂಭುಲಿಂಗ ಹೊಟ್ಟೆ ಹಿಡಿದುಕೊಂಡು ನಕ್ಕ. "ಆಯಿ, ದೇವರ ಮ್ಯಾಲಿನ ನಂಬಿಗಿ, ಆ ಇಮಾನ ಅಲ್ಲ. ಹಾರೂದು, ಹಾರೂದು."

"ಹಂಗನ್ನ ಮತ್ತ," ಎಂದು ಮುದುಕಿಯೂ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕಳು. "ನಿಮ್ಮ ಇಮಾನ ತಪ್ಪಿದ್ರ ನಾಳಿಗೆ ಇನ್ನೊಂದು ಬಂದೀತು. ನಮ್ಮದು ಹಂಗಲ್ಲವಾ."

ಅವಳು ಹೋದ ಮೇಲೂ ಶಂಭುಲಿಂಗ ನಗುತ್ತಲೇ ಇದ್ದ. ಅನ್ನವ್ವ ಪುಸ್ತಕದಲ್ಲಿ ಆ ಸಾಲಿನ ಪುಟ ತೆರೆದಳು. ಹೇಳಿದರೆ ಅವನ ಆಕಾಶವೇ ಹೋಗುತ್ತದೆ. ಹೇಳದಿದ್ದರೆ ಇಡೀ ಮನೆ ಫೀ ಕಟ್ಟಿ, ಊರೆಲ್ಲ ಹಾರೈಸಿ ಕಳಿಸಿದ ಮೇಲೆ ಅಲ್ಲಿ ಯಾರೋ ಡಾಕ್ಟರ ಒಂದು ಗಳಿಗೆಯಲ್ಲಿ ಅವನನ್ನು ವಾಪಸು ಕಳಿಸುತ್ತಾನೆ. ಎಲ್ಲಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಅವನು ಇಲ್ಲೇ ಉಳಿದರೆ ಸಾಕೆಂದು ಅವಳ ಜೀವ ವಾರದಿಂದ ಬಯಸುತ್ತಿತ್ತು. ಈಗ ಹೇಳಿದರೆ ಅದು ಅವನಿಗಾಗಿ ಹೇಳಿದ್ದೋ ತನಗಾಗಿಯೋ?

"ಹೇಳು, ಯಾವ ಶಾಲಿ?" ಎಂದ ಅವನು.

"ಎರಡೂ ಬ್ಯಾಡ್ರಿ. ಮೊದಲು ಹುಬ್ಬಳ್ಳಿಗೆ ಹೋಗಿ ಕಣ್ಣು ತೋರಿಸ್ರಿ. ಆಮ್ಯಾಲೆ ಫೀ."

"ನನ್ನ ಕಣ್ಣಿಗೇನಾಗೇತಿ? ಕೆರಿ ದಂಡಿ ಮ್ಯಾಲಿನ ಕೊಕ್ಕರಿ ಎಣಸ್ತೇನಿ ಇಲ್ಲಿಂದ."

"ದೂರ ಕಾಣತೈತ್ರಿ. ಬಣ್ಣ ಕಾಣೂದಿಲ್ಲ." ಅವಳ ದನಿ ಅವಳಿಗೇ ಕೇಳಲಿಲ್ಲ. ಇನ್ನೊಮ್ಮೆ ಹೇಳಿದಳು. "ಕೆಂಪು, ಹಸಿರು ನಿಮಗ ಬ್ಯಾರೆ ಬ್ಯಾರೆ ಕಾಣೂದಿಲ್ಲ. ಕಾಣದವ್ರನ್ನ ಪೈಲಟ್ ಮಾಡೂದಿಲ್ಲಂತ ಬರದಾರ. ನಿನ್ನೆ ನಾ ಆ ಸಾಲು ಓದಲಿಲ್ಲ."

ಅವನು ಮೊದಲು ನಕ್ಕ. ಆಮೇಲೆ ಅವಳ ಮುಖ ನೋಡಿ ನಗು ನಿಲ್ಲಿಸಿದ. ಅವಳು ಪಂಚಮಿಯ ಸೀರೆಯ ಬಣ್ಣ ಹೇಳಿದಳು. ಮೆಣಸಿನಕಾಯಿಯ ಬುಟ್ಟಿಯ ಮಾತೂ ಹೇಳಿದಳು. ಅವನ ಮುಖದ ಕಳೆ ನಿಧಾನಕ್ಕೆ ಇಳಿಯುತ್ತ ಹೋಯಿತು. ಅವನು ತನ್ನ ಹೊಸ ಅಂಗಿಯ ತೋಳನ್ನು ಬೆಳಕಿಗೆ ಹಿಡಿದು ನೋಡಿದ.

"ಇದು ಯಾವ ಬಣ್ಣ?" ಎಂದು ಕೇಳಿದ.

"ಹಸಿರು."

"ಕಂದು ಅಂತ ತಿಳಕೊಂಡು ನಾ ಕೊಂಡಿದ್ದೆ." ಅವನು ಎದ್ದು ನಿಂತ. ಪುಸ್ತಕಗಳನ್ನು ಎತ್ತಿಕೊಳ್ಳಲಿಲ್ಲ. ದನಿ ಒಮ್ಮೆಲೇ ಬಿರುಸಾಯಿತು. "ಒಂದು ಕೇಳ್ತೇನಿ, ಖರೆ ಹೇಳು. ನಾ ಊರು ಬಿಟ್ಟು ಹೋಗಬಾರದಂತ ಇದನ್ನೆಲ್ಲಾ ಕಟ್ಟಿ ಹೇಳಾಕತ್ತೀಯೇನು?"

ಒಳಗೆ ಅವ್ವ ಒರಳಲ್ಲಿ ರಂಜಕ ಕುಟ್ಟುವುದನ್ನು ನಿಲ್ಲಿಸಿದ್ದಳು. ಅನ್ನವ್ವ ಸೆರಗಿನ ತುದಿ ಬಿಟ್ಟಳು. ಮೊದಲ ಸಲ ಅವನ ಕಣ್ಣನ್ನು ನೆಟ್ಟಗೆ ನೋಡಿದಳು.

"ಕಣ್ಣಿನ ಮಾತು ಕಟ್ಟಿದ್ದಲ್ರಿ. ಡಾಕ್ಟರನ್ನ ಕೇಳ್ರಿ. ನೀವು ಹೋಗಬಾರದಂತ ನನಗ ಐತಿ, ಅದೂ ಖರೇನಽ. ಆದ್ರ ಅದು ಬ್ಯಾರೆ ಮಾತು."