ಅರ್ಧ ಹಚ್ಚೆ

ಚಾಪೆಯ ಮೇಲೆ ಲೆಮಾಲು ಸತ್ತು ಬಿದ್ದಿದ್ದ. ಸೊಂಟದಿಂದ ಮೊಣಕಾಲಿನವರೆಗೆ ಇಳಿಯಬೇಕಿದ್ದ ಹಚ್ಚೆ ತೊಡೆಯ ಮೇಲೆಯೇ ನಿಂತಿತ್ತು. ಕಚ್ಚಿದ ನಾಲಿಗೆಯ ರಕ್ತ ಗಲ್ಲದ ಮೇಲೆ ಒಣಗಿತ್ತು.

"ಫಿಟ್ಸ್ ಬಂತು ಸಾರ್ಜೆಂಟಮ್ಮ, ನಿಲ್ಲಲೇ ಇಲ್ಲ," ಎಂದ ಹಚ್ಚೆಯ ಗುರು ಇಯೋಸೆಫೊ.

ಸವಾಯಿ ದ್ವೀಪದ ಠಾಣೆಯಿಂದ ಬಂದಿದ್ದ ಮಸೀನಾ ಸುತ್ತ ನೋಡಿದಳು. ಸತ್ತವನ ದೊಡ್ಡಪ್ಪನ ಮಗ ಫಿಲಿಪೊ ಪಕ್ಕದಲ್ಲೇ ಕೂತಿದ್ದ. ಪದ್ಧತಿಯಂತೆ ಇಬ್ಬರೂ ಜೋಡಿಯಾಗಿ ಹಚ್ಚೆಗೆ ಕೂತವರು. ಮನೆತನದ ಮುಖಂಡನ ಪದವಿ ಖಾಲಿಯಿತ್ತು. ಹಿರಿಯರ ಒಲವು ಲೆಮಾಲುವಿನತ್ತ; ಹಚ್ಚೆ ಮುಗಿಸಬೇಕೆಂಬುದೊಂದೇ ಷರತ್ತು. ಅರ್ಧಕ್ಕೆ ಎದ್ದವನು ಸಾಯುವವರೆಗೂ ಊರಿಗೆ ನಗೆಪಾಟಲು.

"ಅವನ ಹೆಂಡ್ತೀನ ಕೇಳಿ. ಮಾತ್ರೆ ಕಟ್ಟಿಕೊಟ್ಟವಳು ಅವಳು," ಎಂದ ಫಿಲಿಪೊ.

*

"ಮೂರ್ಛೆ ಮಾತ್ರೇನ ಡಬ್ಬಿಗೆ ತುಂಬಿದ್ದು ನಾನೇ," ಎಂದಳು ಹೆಂಡತಿ ಸಿನೆವಾ. "ಅವನಿಗೆ ನುಂಗೋಕೆ ಬರಲ್ಲಕ್ಕ, ಅಗೀತಾನೆ. ವಿಷದಂಥ ಕಹಿ. ತಕ್ಷಣ ಎಳನೀರು ಕೊಡದಿದ್ರೆ ನನ್ನ ಅಪ್ಪ ಅಮ್ಮನಿಗೂ ಬೈಗುಳ."

ಶವದ ಪಕ್ಕದಿಂದ ತಂದಿದ್ದ ಡಬ್ಬಿಯನ್ನು ಮಸೀನಾ ತೆರೆದಳು. ಬಿಳಿ ಮಾತ್ರೆಗಳು. ಮೂಗಿನ ಹತ್ತಿರ ಹಿಡಿದಳು. ಪುದೀನದ ವಾಸನೆ. ಎದೆಯುರಿಗೆ ಅಂಗಡಿಯಲ್ಲಿ ಸಿಗುವ ಮಾತ್ರೆ.

ಹೆಂಡತಿಯೇ ಇದನ್ನು ತುಂಬಿದ್ದಳೇ?

*

ಮಸೀನಾ ಗುರುವಿನ ಬಳಿಗೆ ವಾಪಸಾದಳು. "ಮಾತ್ರೆ ತಿನ್ನುವಾಗ ಹೇಗಿದ್ದ?"

"ಮೊದಲ ದಿನ ಮುಖ ಕಿವುಚಿ ಎಳನೀರಿಗೆ ಕೂಗಾಡಿದ. ಮಾರನೇ ದಿನದಿಂದ ಪೆಪ್ಪರಮೆಂಟಿನ ಹಾಗೆ ಅಗೀತಿದ್ದ. ಆಸ್ಪತ್ರೆಯವರಿಗೆ ಕೊನೆಗೂ ಕರುಣೆ ಬಂತು, ಸಿಹಿ ಮಾತ್ರೆ ಬೆರೆಸಿದ್ದಾರೆ ಅಂತ ನಗ್ತಿದ್ದ ಪಾಪ."

ಮನೆಯಿಂದ ಬಂದದ್ದು ಕಹಿಯೇ. ಬದಲಾದದ್ದು ಇಲ್ಲಿ.

ಮಸೀನಾ ಫಿಲಿಪೊನತ್ತ ತಿರುಗಿದಳು. "ಹಚ್ಚೆಗೆ ಕೂತವನನ್ನ ಒಂಟಿಯಾಗಿ ಬಿಟ್ರೆ ದೆವ್ವ ಹಿಡಿಯುತ್ತೆ ಅಂತಾರೆ. ನೀನು ಬಿಟ್ಟಿದ್ದೆಯಾ?"

"ಒಂದು ಗಳಿಗೆಯೂ ಇಲ್ಲ! ಊಟ, ಸ್ನಾನ, ಮಾತ್ರೆ, ಎಲ್ಲಾ ನನ್ನ ಕೈಯಿಂದಲೇ."

"ಡಬ್ಬಿ ಬೇರೆ ಯಾರಾದರೂ ಮುಟ್ಟಿದ್ರಾ?"

"ನಾನಿರುವಾಗ ಮುಟ್ಟೋಕೆ ಬಿಡ್ತೀನಾ?"

"ಹಾಗಾದ್ರೆ ಬದಲಾಯಿಸಿದವನು ನೀನೇ. ಮೂರ್ಛೆ ಮಾತ್ರೆ ಹಠಾತ್ತಾಗಿ ನಿಂತರೆ ಫಿಟ್ಸ್ ದುಪ್ಪಟ್ಟಾಗಿ ಬರುತ್ತೆ. ಅದು ಮನೆಯವರಿಗೆಲ್ಲ ಗೊತ್ತು. ನಿನಗೂ."

ಫಿಲಿಪೊ ಚಾಪೆಯಿಂದ ಹಿಂದೆ ಸರಿದ. "ಸಾಯಲಿ ಅಂತ ಅಲ್ಲ. ಎಲ್ಲರ ಮುಂದೆ ಬಿದ್ದು ಒದ್ದಾಡಲಿ, ಅರ್ಧಕ್ಕೇ ಎದ್ದು ಹೋಗಲಿ, ಪದವಿ ನನಗೆ ಬರಲಿ ಅಂತ, ಅಷ್ಟೇ."

ಬೇಡಿ ಬಿತ್ತು. ಅವನ ಹಚ್ಚೆಯೂ ಒಂದು ತೊಡೆಯಷ್ಟೇ ಆಗಿತ್ತು. ಅವನು ಗುರುವಿನ ಕಾಲು ಹಿಡಿದ. "ನನ್ನದನ್ನ ಮುಗಿಸಿಬಿಡಿ ಅಜ್ಜ, ಆಮೇಲೆ ಗಲ್ಲಿಗೆ ಬೇಕಾದರೂ ಹೋಗ್ತೀನಿ!"

ಇಯೋಸೆಫೊ ಹಚ್ಚೆ ಚುಚ್ಚುವ ಹಲ್ಲಿನ ಉಳಿಗಳನ್ನು ಬಟ್ಟೆಗೆ ಸುತ್ತಿದ.

"ಲುಂಗಿ ಮೇಲೆತ್ತಿ ಕಟ್ಟು," ಎಂದಳು ಮಸೀನಾ. "ನಡಿ."

ಊರ ನಡುವೆ ಅವನನ್ನು ನಡೆಸಿಕೊಂಡೇ ಹೋದಳು. ಪೊಲೀಸ್ ಜೀಪು ಹಿಂದೆ ಖಾಲಿಯಾಗಿ ಬಂತು.